ಚೀಟಿಯಲ್ಲಿಲ್ಲದ ಸಾಮಾನು

ಲಿಂಡ್ ಗ್ರೋವ್, ಮಿನ್ನೆಸೋಟ
ನವೆಂಬರ್ 3, 1996

ಪ್ರಿಯ ಹಿರುತ್ ಅವರಿಗೆ,

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹಾಸ್ಟೆಲ್ಲಿನಲ್ಲೇ ಉಳಿಯುವ ಪರದೇಶದ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ನಿಮ್ಮ ವಿಶ್ವವಿದ್ಯಾಲಯದವರು ನಮ್ಮ ಚರ್ಚಿಗೆ ಕಳಿಸಿದ್ದರು. ಅದರಲ್ಲಿ ನಿಮ್ಮ ಹೆಸರು ಆರಿಸಿಕೊಂಡೆ. ಇಥಿಯೋಪಿಯದಿಂದ ಬಂದು ಮಣ್ಣಿನ ವಿಜ್ಞಾನ ಓದುತ್ತಿದ್ದೀರಿ ಎಂದಷ್ಟೇ ಗೊತ್ತು. ನಮ್ಮೂರಲ್ಲಿ ಮಣ್ಣಿನ ಹೊರತು ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ. ಹಾಗಾಗಿ ಸರಿಹೋಗಬಹುದು ಅನಿಸಿತು.

ಮನೆಯಲ್ಲಿ ನಾವು ಮೂರೇ ಜನ. ನಾನು ಶಾಲೆಯ ಲೈಬ್ರರಿಯಲ್ಲಿದ್ದೇನೆ, ನಲವತ್ತಾರು ವರ್ಷ. ನನ್ನ ಗಂಡ ವರ್ಲಿನ್ ಧಾನ್ಯದ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಅತ್ತೆ ಇಂಗಾ ಅವರಿಗೆ ಎಂಬತ್ತೆರಡು. ಮಗ ಡೇಲ್ ಈ ಸಲ ಹೆಂಡತಿಯ ಮನೆಯ ಹಬ್ಬಕ್ಕೆ ಹೋಗುತ್ತಿದ್ದಾನೆ. "ಹನ್ನೆರಡು ಕೆ.ಜಿ. ಟರ್ಕಿ ತಂದು ಮೂರೇ ಜನ ಮುಂದೆ ಕೂತ್ರೆ ಆ ಹಕ್ಕಿಗೇ ಅವಮಾನ ಕಣೇ" ಎಂದು ವರ್ಲಿನ್ ಹೇಳುತ್ತಿದ್ದಾರೆ. ಸೇಂಟ್ ಪಾಲ್‌ನಿಂದ ಬಸ್ಸಿನಲ್ಲಿ ಮೂರು ಗಂಟೆ. ನಿಲ್ದಾಣಕ್ಕೆ ನಾವೇ ಬರುತ್ತೇವೆ.

ನೀವು ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ, ಸಂಕೋಚವಿಲ್ಲದೆ ಬರೆಯಿರಿ.

ಮಾರ್ಲಿಸ್ ಟ್ವೆಟ್


ಸೇಂಟ್ ಪಾಲ್
ನವೆಂಬರ್ 9, 1996

ಪ್ರಿಯ ಶ್ರೀಮತಿ ಟ್ವೆಟ್ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ದೇಶಕ್ಕೆ ಬಂದು ಹದಿನಾಲ್ಕು ತಿಂಗಳಾಯಿತು. ಯಾರ ಮನೆಯ ಒಳಬಾಗಿಲನ್ನೂ ದಾಟಿಲ್ಲ. ಖಂಡಿತ ಬರುತ್ತೇನೆ.

ಆದರೆ ನಾನು ತೊಂದರೆ ಕೊಡುವ ಅತಿಥಿ. ನವೆಂಬರ್ ಇಪ್ಪತ್ತನಾಲ್ಕಕ್ಕೆ ನಮ್ಮ ಉಪವಾಸ ಶುರುವಾಗುತ್ತದೆ. ಜನವರಿ ಏಳರಂದು ಬರುವ ನಮ್ಮ ಕ್ರಿಸ್ಮಸ್ಸಿನವರೆಗೆ. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ದಿನದ ಮೊದಲ ತುತ್ತು ಮಧ್ಯಾಹ್ನ ಮೂರರ ಮೇಲೆ. ಇಷ್ಟೆಲ್ಲ ಹೇಳಬೇಡ, ಸುಮ್ಮನೆ ಸಸ್ಯಾಹಾರಿ ಅನ್ನು ಎಂದಳು ನನ್ನ ಕೋಣೆಯ ಗೆಳತಿ. ಬೇರೆ ವರ್ಷವಾಗಿದ್ದರೆ ಹಾಗೇ ಅನ್ನುತ್ತಿದ್ದೆನೋ ಏನೋ. ಈ ವರ್ಷ ಸ್ವಲ್ಪ ಕಟ್ಟುನಿಟ್ಟಾಗಿ ಮಾಡಬೇಕಾಗಿದೆ. ನನಗೊಂದು ಬೇಯಿಸಿದ ಆಲೂಗಡ್ಡೆ, ಉಪ್ಪು ಇದ್ದರೆ ಸಾಕು. ನಾನು ಬರುವುದು ಜೊತೆಗೆ ಕೂರುವುದಕ್ಕೆ.

ದಯವಿಟ್ಟು ನೀನು ಎಂದೇ ಬರೆಯಿರಿ. ನೀವು ನನ್ನ ತಾಯಿಗಿಂತ ಎರಡೇ ವರ್ಷ ಚಿಕ್ಕವರು.

ಹಿರುತ್


ಲಿಂಡ್ ಗ್ರೋವ್
ನವೆಂಬರ್ 14, 1996

ಪ್ರಿಯ ಹಿರುತ್,

ಬರೀ ಆಲೂಗಡ್ಡೆಯೇ? ನನ್ನ ಮನೆಯಲ್ಲಿ ಹಬ್ಬದ ದಿನ? ಅದಾಗದು.

ಊಟವನ್ನು ಒಂದು ಗಂಟೆಯಿಂದ ಮೂರಕ್ಕೆ ಮುಂದೂಡಿದ್ದೇನೆ. ವರ್ಲಿನ್‌ಗೆ ಟೀವಿಯ ಫುಟ್‌ಬಾಲ್ ಆಟ ತಪ್ಪುತ್ತದೆ, ತಪ್ಪಲಿ. ಅತ್ತೆಗೆ ಸುದ್ದಿ ಹೇಳಿದಾಗ, "ಮೂರು ಗಂಟೆಗೆ ತಿನ್ನೋದು ಊಟಾನೋ ಕಾಫೀನೋ? ಬೆಣ್ಣೆ ಇಲ್ದೆ ಅಡಿಗೆ ಮಾಡೋದಾದ್ರೆ ಹಸು ಯಾಕೆ ಸಾಕ್ಬೇಕಿತ್ತು ನಾವು?" ಅಂದರು. ಹಸು ಮಾರಿ ಇಪ್ಪತ್ತು ವರ್ಷವಾಯಿತು. ಅವರ ಮಾತಿಗೆ ನೀನು ಹೆದರಬೇಡ.

ನಿನಗಾಗಿ ಹಾಲು ಹಾಕದ ಬ್ರೆಡ್ಡನ್ನು ನಾನೇ ಮಾಡುತ್ತೇನೆ. ಅದರಿಂದ ಹೂರಣ. ಬ್ರೆಡ್ ಚೂರು, ಈರುಳ್ಳಿ, ಸೆಲರಿ ದಂಟು, ಸೇಜ್ ಸೊಪ್ಪು, ಅತ್ತೆಯ ಅಳತೆ. ನಮ್ಮ ಚರ್ಚಿನ ಹೆಂಗಸರು ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ ಅದರ ಕೆಳಗೆ 'ಶ್ರೀಮತಿ ಇಂಗಾ ಟ್ವೆಟ್' ಎಂದು ಅವರ ಹೆಸರೇ ಇದೆ. ಸಾಮಾನ್ಯವಾಗಿ ಅದನ್ನು ಟರ್ಕಿಯ ಹೊಟ್ಟೆಯೊಳಗೆ ತುಂಬುತ್ತೇವೆ. ನಿನ್ನದನ್ನು ಬೇರೆ ಪಾತ್ರೆಯಲ್ಲಿ, ಎಣ್ಣೆ ಮತ್ತು ನೀರಿನಲ್ಲಿ ಮಾಡುತ್ತೇನೆ. ಆಲೂಗಡ್ಡೆ, ಬೀನ್ಸ್, ಕ್ರ್ಯಾನ್‌ಬೆರಿ ಗೊಜ್ಜು, ಸುಟ್ಟ ಸೇಬು ಎಲ್ಲವೂ ಬೇರೆ. ಇದು ನನ್ನ ಮಾತು.

ಮಾರ್ಲಿಸ್


ಸೇಂಟ್ ಪಾಲ್
ಡಿಸೆಂಬರ್ 1, 1996

ಪ್ರೀತಿಯ ಎತಿಯೆ ಮಾರ್ಲಿಸ್,

ನಮ್ಮಲ್ಲಿ ದೊಡ್ಡಕ್ಕನಂಥವರನ್ನು ಎತಿಯೆ ಎಂದು ಕರೆಯುತ್ತೇವೆ. ನಿಮ್ಮನ್ನು ಬೇರೆ ಹೇಗೆ ಕರೆಯಲಿ?

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗುತ್ತಿದ್ದೆ. ನಾನು ಮೂರನೆಯ ಸಲ ಹೂರಣ ಬಡಿಸಿಕೊಂಡಾಗ ವರ್ಲಿನ್ ಅವರು, "ಉಪವಾಸದಲ್ಲೇ ಹಿಂಗೆ ತಿಂತೀಯ, ಹಬ್ಬದಲ್ಲಿ ಹೆಂಗೆ ತಿಂತೀಯಮ್ಮಾ?" ಅಂದರಲ್ಲ, ಅದನ್ನು ನೆನೆದು. ಇಂಗಾ ಅಜ್ಜಿಗೆ ನಾನು ಕೈತುತ್ತು ಕೊಟ್ಟದ್ದನ್ನು ನೆನೆದು. ನಮ್ಮಲ್ಲಿ ಮನೆಯ ಹಿರಿಯರ ಬಾಯಿಗೆ ಅತಿಥಿ ಒಂದು ತುತ್ತು ಇಡುವುದು ದೊಡ್ಡ ಮರ್ಯಾದೆ. ಅವರು ಒಂದು ಗಳಿಗೆ ನಿಮ್ಮ ಮುಖ ನೋಡಿದರು. "ನಂಗೆ ಕೈಯಿಲ್ವೇನೇ ಹುಡುಗಿ?" ಎನ್ನುತ್ತಲೇ ಬಾಯಿ ತೆರೆದರು. ಆಮೇಲೆ ನಿಮಗೆ ಕೊಟ್ಟೆ. ನಿಮ್ಮ ಕಣ್ಣು ತುಂಬಿದ್ದನ್ನು ನೋಡಿದೆ. ನೋಡಲಿಲ್ಲ ಎಂದುಕೊಂಡಿದ್ದರೆ ತಪ್ಪು.

ಈಗ ಒಂದು ವಿಷಯ ಹೇಳಬಹುದು. ನೀವು ಟರ್ಕಿಯನ್ನು ಒಲೆಗಿಟ್ಟ ದಿನವೇ ಅಡ್ಡಿಸ್ ಅಬಾಬದಲ್ಲಿ ನನ್ನ ತಾಯಿಯ ಹೊಟ್ಟೆಯಿಂದ ಗಡ್ಡೆ ತೆಗೆಯುವವರಿದ್ದರು. ಉಪವಾಸವನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದು ಹನಿಯೂ ತಪ್ಪದೆ ಹಿಡಿಯುತ್ತೇನೆಂದು ಹರಕೆ ಹೊತ್ತಿದ್ದೆ. ಮೊದಲೇ ಹೇಳಿದ್ದರೆ ನಿಮ್ಮ ಹಬ್ಬದ ಮೇಲೆ ಭಾರ ಬೀಳುತ್ತಿತ್ತು. ಶುಕ್ರವಾರ ಫೋನ್ ಬಂತು. ಅಮ್ಮ ಎದ್ದು ಕೂತಿದ್ದಾರೆ. ಅಮೆರಿಕದಲ್ಲಿ ಒಬ್ಬರು ನಿನ್ನ ಹೆಸರೂ ಗೊತ್ತಿಲ್ಲದೆ ನಿನಗಾಗಿ ಬೆಣ್ಣೆ ಬಿಟ್ಟು ಅಡುಗೆ ಮಾಡಿದರು ಎಂದು ಅಮ್ಮನಿಗೆ ಹೇಳಿದೆ. ನಿಮ್ಮ ಹೆಸರನ್ನು ಮೂರು ಸಲ ಹೇಳಿಸಿ ಕಲಿತರು.

ಆ ಹೂರಣದ ಅಳತೆ ಬರೆದು ಕಳಿಸುತ್ತೀರಾ? ಅಮ್ಮನಿಗೂ ಬೇಕಂತೆ.

ಹಿರುತ್


ಲಿಂಡ್ ಗ್ರೋವ್
ಡಿಸೆಂಬರ್ 6, 1996
(ಅಂಚೆಗೆ ಹಾಕಲಿಲ್ಲ)

ಪ್ರಿಯ ಹಿರುತ್,

ಆ ಬೆಳಿಗ್ಗೆ ಎಲ್ಲವನ್ನೂ ಹೇಳಿದಂತೆಯೇ ಮಾಡಿದೆ. ಬ್ರೆಡ್ಡಿಗೆ ಹಾಲು ಹಾಕಲಿಲ್ಲ. ಆಲೂಗಡ್ಡೆಗೆ ಎಣ್ಣೆಯನ್ನೇ ಹಾಕಿದೆ. ಎರಡೂವರೆಗೆ ನಿನ್ನ ಹೂರಣದ ರುಚಿ ನೋಡಿದೆ. ಒದ್ದೆ ರಟ್ಟು ತಿಂದ ಹಾಗಿತ್ತು. ಪಕ್ಕದ ಒಲೆಯಲ್ಲಿ ಟರ್ಕಿಯ ಕತ್ತು, ಗುಂಡಿಗೆ ಬೇಯಿಸಿದ ಸಾರು ಕುದಿಯುತ್ತಿತ್ತು. ಒಂದು ಸೌಟು ಹಾಕಿದೆ. ಮತ್ತೆ ರುಚಿ ನೋಡಿದೆ. ಇನ್ನೊಂದು ಸೌಟು ಹಾಕಿದೆ. ಮೇಲೆ ಕಂದು ಬಣ್ಣ ಬರಲೆಂದು ಒಂದು ಚಮಚ ಬೆಣ್ಣೆ.

ಸಾರು ಮಾಂಸವಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಮ್ಮಲ್ಲಿ ಯಾರೂ ಅದನ್ನು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚರ್ಚಿನ ಊಟದಲ್ಲಿ ಹಂದಿಕೊಬ್ಬಿನಲ್ಲಿ ಹುರಿದ ಬೀನ್ಸನ್ನು ತರಕಾರಿಯ ಮೇಜಿನ ಮೇಲೇ ಇಡುತ್ತೇವೆ. ಆದರೆ ಇದು ನೆಪ. ನೀನು ಬಿಡಿಸಿ ಬರೆದಿದ್ದೆ, ಬೆಣ್ಣೆ ಎಂದೂ ಬರೆದಿದ್ದೆ. ನೀನು ಹಸಿದಿರಬಾರದು ಎಂದು ಹಾಗೆ ಮಾಡಿದೆನೋ, ನನ್ನ ಅಡುಗೆ ಸಪ್ಪೆ ಅನಿಸಬಾರದು ಎಂದೋ? ಮೊದಲನೆಯದೆಂದು ಬರೆಯಲು ಹೊರಟೆ. ಕೈ ಬರಲಿಲ್ಲ.

ಮೊದಲ ತುತ್ತಿಗೆ ನೀನು ತಲೆಯೆತ್ತಿ, "ಇದ್ರಲ್ಲಿ ಏನೇನು ಹಾಕಿದೀರಿ?" ಎಂದು ಕೇಳಿದೆ. ನಾನು ಬೆರಳು ಮಡಚಿ ಎಣಿಸಿದೆ. ಬ್ರೆಡ್, ಈರುಳ್ಳಿ, ಸೆಲರಿ, ಸೇಜ್. ನಾಲ್ಕೂ ನಿಜ. ಅದರಲ್ಲೇ ಒಂದು ತುತ್ತನ್ನು ನೀನು ನನ್ನ ಬಾಯಿಗೆ ಇಟ್ಟೆ.

ನೀನು ಬಸ್ಸು ಹತ್ತಿದ ಮೇಲೆ ಅತ್ತೆ ಪಾತ್ರೆ ಒರೆಸುತ್ತಾ ಅಂದರು. "ಸೌಟು ನಾನು ನೋಡ್ದೆ ಕಣೇ."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ, ಅತ್ತೆ?"

"ನಿನ್ ಮರ್ಯಾದೆ ಉಳಿಸ್ದೆ. ಈಗ ಅನ್ಸುತ್ತೆ, ಉಳಿಸ್ಬಾರ್ದಿತ್ತು. ಬರೆದ್ಬಿಡು."

ಬರೆದಿದ್ದೇನೆ. ನಾಳೆ ಅಂಚೆಗೆ ಹಾಕುತ್ತೇನೆ.


ಲಿಂಡ್ ಗ್ರೋವ್
ಡಿಸೆಂಬರ್ 9, 1996

ಪ್ರಿಯ ಹಿರುತ್,

ನಿನ್ನ ತಾಯಿ ಚೇತರಿಸಿಕೊಂಡದ್ದು ತುಂಬಾ ಸಂತೋಷ. ಇಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆ. ವರ್ಲಿನ್ ಪಕ್ಕದ ಮನೆಯವರ ದಾರಿಯ ಹಿಮವನ್ನೂ ಕೆರೆದು ಬಂದು ಈಗ ಸೊಂಟ ಹಿಡಿದುಕೊಂಡು ಕೂತಿದ್ದಾರೆ.

ಅಳತೆಯ ಚೀಟಿ ಇದರ ಜೊತೆಗಿದೆ.

ಮಾರ್ಲಿಸ್

ಬ್ರೆಡ್ ಚೂರು, ಹತ್ತು ಬಟ್ಟಲು
ಈರುಳ್ಳಿ, ಎರಡು
ಸೆಲರಿ, ಮೂರು ದಂಟು
ಸೇಜ್ ಸೊಪ್ಪು, ಎರಡು ಚಮಚ
ಎಣ್ಣೆ, ಅರ್ಧ ಬಟ್ಟಲು
ನೀರು, ಹಿಡಿಯುವಷ್ಟು


ಸೇಂಟ್ ಪಾಲ್
ಡಿಸೆಂಬರ್ 29, 1996

ಪ್ರೀತಿಯ ಎತಿಯೆ ಮಾರ್ಲಿಸ್,

ಚೀಟಿಗೆ ಕೃತಜ್ಞತೆ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ನಮ್ಮ ಕಡೆಯ ನಾಲ್ವರಿಗೆ ಎರಡು ಸಲ ಮಾಡಿದೆ. ನಿಮ್ಮದರ ಹಾಗೆ ಬರಲಿಲ್ಲ. ಒಂದು ಸಲವಾದರೆ ನನ್ನ ಕೈಯ ದೋಷ ಎನ್ನಬಹುದಿತ್ತು.

ನನ್ನ ಕೋಣೆಯ ಗೆಳತಿ ವಿಸ್ಕಾನ್ಸಿನ್‌ನವಳು. "ನಮ್ಮಮ್ಮಂದಿರು ಯಾರಿಗೂ ಪೂರ್ತಿ ಅಳತೆ ಕೊಡಲ್ಲ ಕಣೇ. ಒಂದು ಸಾಮಾನು ಬಿಟ್ಟೇ ಬರೀತಾರೆ, ತಮ್ಮ ಕೈಯೇ ಮೇಲು ಅಂತ ಉಳೀಬೇಕಲ್ಲ" ಎನ್ನುತ್ತಾಳೆ. ಹಾಗೇನಾದರೂ ಇದೆಯೇ? ಇದ್ದರೆ ನನಗೆ ಹೇಳಬಹುದು, ಎತಿಯೆ. ಯಾವ ಸಾಮಾನಾದರೂ ಸರಿ. ಉಪವಾಸ ಮುಗಿಯಲು ಇನ್ನೂ ಒಂಬತ್ತು ದಿನವಿದೆ. ಅಷ್ಟರೊಳಗೆ ತಿಳಿದರೆ ಒಳ್ಳೆಯದು.

ಹಿರುತ್


ಲಿಂಡ್ ಗ್ರೋವ್
ಜನವರಿ 2, 1997

ಪ್ರಿಯ ಹಿರುತ್,

ನಿನ್ನ ಗೆಳತಿ ಹೇಳಿದ್ದು ನಿಜವೇ. ನಮ್ಮ ಚರ್ಚಿನ ಅಡುಗೆ ಪುಸ್ತಕ ನೋಡಿ ಮಾಡಿದರೆ ಯಾವ ಕೇಕೂ ಉಬ್ಬುವುದಿಲ್ಲ ಎಂದು ವರ್ಲಿನ್ ಈಗಲೂ ನಗುತ್ತಾರೆ. ಆದರೆ ನಿನ್ನ ಹತ್ತಿರ ನಾನು ಹಾಗೆ ಮಾಡುತ್ತೇನೆಯೇ?

ಬ್ರೆಡ್ ಹಳೆಯದಾಗಿರಬೇಕು, ಅದನ್ನು ಬರೆಯಲು ಮರೆತೆ. ಚೂರು ಮಾಡಿ ಎರಡು ದಿನ ಹಾಗೇ ಹರಡಿಟ್ಟು ಒಣಗಿಸು. ದಪ್ಪ ಕಬ್ಬಿಣದ ಪಾತ್ರೆಯಾದರೆ ಇನ್ನೂ ಒಳ್ಳೆಯದು. ಖಂಡಿತ ಬರುತ್ತದೆ.

ಮಾರ್ಲಿಸ್


ಸೇಂಟ್ ಪಾಲ್
ಜನವರಿ 20, 1997

ಶ್ರೀಮತಿ ಟ್ವೆಟ್ ಅವರಿಗೆ,

ನಿಮ್ಮ ಪತ್ರ ಬಂತು. ಬ್ರೆಡ್ಡನ್ನು ಎರಡು ದಿನ ಒಣಗಿಸಿ ನೋಡಿದೆ. ನಮ್ಮ ಕ್ರಿಸ್ಮಸ್ ಮುಗಿಯಿತು. ಪ್ರಬಂಧದ ಕೆಲಸ ಬಹಳ ಇದೆ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಹಿರುತ್


ಲಿಂಡ್ ಗ್ರೋವ್
ಮಾರ್ಚ್ 16, 1997

ಪ್ರಿಯ ಹಿರುತ್,

ಎರಡು ತಿಂಗಳಿಂದ ನಿನ್ನ ಸುದ್ದಿಯಿಲ್ಲ. ಓದಿನ ಒತ್ತಡವಿರಬೇಕು. ಈ ತಿಂಗಳ ಕೊನೆಗೆ ಈಸ್ಟರ್ ಬರುತ್ತದೆ, ಬಾ. ನಿಮ್ಮ ಈಸ್ಟರ್ ಬೇರೆ ದಿನವಂತೆ, ಈಗಲೂ ನಿಮಗೆ ಉಪವಾಸವಂತೆ. ಲೈಬ್ರರಿಯ ಪುಸ್ತಕದಲ್ಲಿ ನೋಡಿದೆ. ನಿನಗೆ ಸರಿಹೊಂದುವುದನ್ನೇ ಮಾಡುತ್ತೇನೆ.

ಅತ್ತೆಗೆ ಎದೆಯಲ್ಲಿ ಕಫ ಕಟ್ಟಿದೆ. "ಆ ಹುಡುಗಿಗೆ ಬರೆದ್ಯಾ?" ಎಂದು ಆಗಾಗ ಕೇಳುತ್ತಾರೆ. ಬರೆದೆ ಎನ್ನುತ್ತೇನೆ.

ಮಾರ್ಲಿಸ್


ಲಿಂಡ್ ಗ್ರೋವ್
ಸೆಪ್ಟೆಂಬರ್ 14, 1997

ಪ್ರಿಯ ಹಿರುತ್,

ನೀನು ಓದು ಮುಗಿಸಿ ಜೂನ್‌ನಲ್ಲೇ ಊರಿಗೆ ಹೋದೆಯೆಂದು ವಿಶ್ವವಿದ್ಯಾಲಯದವರು ಹೇಳಿದರು. ವಿಳಾಸ ಅವರೇ ಕೊಟ್ಟರು.

ಆಗಸ್ಟ್ ಎಂಟರಂದು ಅತ್ತೆ ತೀರಿಕೊಂಡರು. ಹೋಗುವ ಮುಂಚಿನ ವಾರ ಮತ್ತೆ ಕೇಳಿದರು, ಬರೆದ್ಯಾ ಎಂದು. ಬರೆದೆ ಎಂದೆ. "ಅಂಚೆಗೆ ಹಾಕಿದ್ಯಾ?" ಅಂದರು. ಅದುವರೆಗೆ ಅವರು ಹಾಗೆ ಕೇಳಿರಲಿಲ್ಲ. ನಾನು ಅವರ ಹೊದಿಕೆ ಸರಿಪಡಿಸಿದೆ. ಅವರು ಗೋಡೆಯ ಕಡೆ ತಿರುಗಿಕೊಂಡರು.

ಡಿಸೆಂಬರ್ ಆರರಂದು ಬರೆದ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ. ಒಂದಕ್ಷರವನ್ನೂ ತಿದ್ದಿಲ್ಲ. ಮೇಜಿನ ಖಾನೆಯಲ್ಲಿ ಒಂಬತ್ತು ತಿಂಗಳು ಇತ್ತು. ನಿನ್ನ ಹರಕೆಯ ಸುದ್ದಿ ಓದಿದ ದಿನವೇ ಹೇಳಬೇಕಿತ್ತು. ಅದನ್ನು ಓದಿದ್ದರಿಂದಲೇ ಹೇಳಲಾಗಲಿಲ್ಲ. ನಿನ್ನ ತಾಯಿಯ ಜೀವ ಉಳಿದ ಸಂತೋಷದ ಮಧ್ಯೆ ನನ್ನ ಸೌಟನ್ನು ಹೇಗೆ ತರಲಿ ಎಂದುಕೊಂಡೆ. ಈಗ ಹಿಂತಿರುಗಿ ನೋಡಿದರೆ, ನಿನಗೆ ನೋವಾಗುತ್ತದೆಂದು ಸುಮ್ಮನಿದ್ದೆನೋ, ನಿನ್ನ ತಾಯಿ ಕಲಿತ ನನ್ನ ಹೆಸರು ಕೆಡಬಾರದೆಂದು ಸುಮ್ಮನಿದ್ದೆನೋ, ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಓದಿ ಹರಿದು ಹಾಕಿದರೂ ಸರಿ. ಉತ್ತರ ಬರೆಯಬೇಕೆಂದಿಲ್ಲ.

ಮಾರ್ಲಿಸ್


ಅಡ್ಡಿಸ್ ಅಬಾಬ
ಅಕ್ಟೋಬರ್ 20, 1997

ಪ್ರಿಯ ಮಾರ್ಲಿಸ್ ಅವರೇ,

ಅಜ್ಜಿಯ ಸುದ್ದಿ ತಿಳಿದು ಅಳು ಬಂತು. ಅವರು ಒಂದು ಗಳಿಗೆ ನಿಮ್ಮ ಮುಖವನ್ನು ಯಾಕೆ ನೋಡಿದರೆಂದು ಈಗ ತಿಳಿಯಿತು.

ಉಳಿದದ್ದು ನನಗೆ ಗೊತ್ತಿತ್ತು. ಮೊದಲ ತುತ್ತಿಗೇ ಅನುಮಾನ ಬಂದಿತ್ತು, ಅದಕ್ಕೇ ಕೇಳಿದೆ. ನೀವು ಬೆರಳು ಮಡಚಿ ಎಣಿಸಿದಿರಿ. ನನಗಾಗಿ ಊಟದ ಹೊತ್ತನ್ನೇ ಬದಲಿಸಿದವರನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಗೇ ಮೂರು ಸಲ ಬಡಿಸಿಕೊಂಡೆ. ಡಿಸೆಂಬರ್‌ನಲ್ಲಿ ನಿಮ್ಮ ಚೀಟಿಯಂತೆ ಮಾಡುವಾಗ ನನ್ನ ಗೆಳತಿ ನಕ್ಕು, "ನೀರಲ್ಲಿ ಯಾರು ಮಾಡ್ತಾರೆ ಇದನ್ನ?" ಎಂದು ತನ್ನ ಪಾಲಿಗೆ ಕೋಳಿ ಸಾರಿನ ಡಬ್ಬಿ ತೆರೆದಳು. ಮುಚ್ಚಳ ಎತ್ತಿದ ಕೂಡಲೇ ನಿಮ್ಮ ಅಡುಗೆಮನೆಯ ವಾಸನೆ ಬಂತು.

ಆಮೇಲೆಯೇ ನಾನು ನಿಮಗೆ ಬರೆದದ್ದು, ಏನಾದರೂ ಬಿಟ್ಟಿದ್ದೀರಾ ಎಂದು. ಇನ್ನೂ ಒಂಬತ್ತು ದಿನವಿದೆ ಎಂದೂ ಬರೆದೆ. ಮೇಲೆ ಬೀಳುವಂತೆ ಕೇಳಬಾರದು, ಬಾಗಿಲು ತೆರೆದಿಟ್ಟರೆ ಸಾಕು ಎಂದುಕೊಂಡೆ. ನೀವು ಹಳೆಯ ಬ್ರೆಡ್ಡಿನ ವಿಷಯ ಬರೆದಿರಿ.

ನಮ್ಮ ಚರ್ಚಿನ ಗುರುಗಳು, ತಿಳಿಯದೆ ತಿಂದದ್ದಕ್ಕೆ ಏಳು ದಿನ ಹೆಚ್ಚು ಉಪವಾಸ ಮಾಡು, ಸಾಕು ಎಂದರು. ಮಾಡಿದೆ. ಆ ಲೆಕ್ಕ ಮುಗಿಯಿತು. ಸಾರಿಗಾಗಿ ನಾನು ಸಿಟ್ಟಾದವಳಲ್ಲ. ಮೇಜಿನ ಮುಂದೆಯೇ "ಅಯ್ಯೋ, ಹಾಕ್ಬಿಟ್ಟೆ ಕಣೇ" ಅಂದಿದ್ದರೆ ಬಟ್ಟಲನ್ನು ಆಚೆ ಸರಿಸಿ ಆಲೂಗಡ್ಡೆ ತಿನ್ನುತ್ತಿದ್ದೆ. ನಾವೆಲ್ಲ ನಗುತ್ತಿದ್ದೆವು.

ಅಮ್ಮ ಚೆನ್ನಾಗಿದ್ದಾರೆ. ಉಪವಾಸದ ದಿನಗಳಲ್ಲಿ ನಿಮ್ಮ ಚೀಟಿಯ ಹೂರಣವನ್ನು ನೀರಿನಲ್ಲೇ ಮಾಡಿ, ಮೇಲೆ ನಮ್ಮ ಖಾರದಪುಡಿ ಉದುರಿಸಿ ನೆರೆಮನೆಗಳಿಗೆ ಹಂಚುತ್ತಾರೆ. "ಇದು ಮಾರ್ಲಿಸ್ ಮಾಡಿದ್ದು. ನನಗೋಸ್ಕರ ಬೆಣ್ಣೆ ಬಿಟ್ಟೋಳು" ಎಂದು ಎಲ್ಲರಿಗೂ ಹೇಳುತ್ತಾರೆ. ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಬರುತ್ತದೆ. ನಾನು ಸುಮ್ಮನೆ ತಲೆ ತಗ್ಗಿಸುತ್ತೇನೆ. ಅಮ್ಮನಿಂದ ನಾನು ಮುಚ್ಚಿಟ್ಟ ಮೊದಲ ಸಂಗತಿ ಇದು. ನಿಮಗಾಗಿ ಮುಚ್ಚಿಟ್ಟೆ ಎಂದುಕೊಳ್ಳಬೇಡಿ. ಅವರು ಆ ಬಟ್ಟಲು ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುವುದನ್ನು ನೋಡಿದರೆ ನೀವೂ ಹೇಳುತ್ತಿರಲಿಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೆ. ಆದರೆ ನಿಮ್ಮ ಮೇಜಿಗೆ ಮತ್ತೆ ಬರುತ್ತೇನೆಂದು ಸುಳ್ಳು ಬರೆಯಲಾರೆ.

ಹಿರುತ್


ಲಿಂಡ್ ಗ್ರೋವ್
ನವೆಂಬರ್ 27, 1997

ಪ್ರಿಯ ಹಿರುತ್,

ಇವತ್ತು ಹಬ್ಬ. ಡೇಲ್, ಅವನ ಹೆಂಡತಿ ಬಂದಿದ್ದಾರೆ. ಮೂರು ಗಂಟೆಗೇ ಬಡಿಸಿದೆ. ಯಾರೂ ಯಾಕೆಂದು ಕೇಳಲಿಲ್ಲ. ಟರ್ಕಿ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಪಾತ್ರೆಯಲ್ಲಿ ಎಣ್ಣೆ, ನೀರು ಹಾಕಿದ ಹೂರಣವನ್ನೂ ಇಟ್ಟಿದ್ದೆ. ವರ್ಲಿನ್‌ಗೆ ಎಲ್ಲ ಹೇಳಿದ್ದೇನೆ. ಅವರು ಮೊದಲು ಅದನ್ನೇ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಹೆಂಗಿದೆ?" ಎಂದೆ.

"ಚೆನ್ನಾಗಿಲ್ಲ. ಆದ್ರೆ ತಿನ್ನೋಕಾಗಲ್ಲ ಅನ್ನೋಹಂಗೂ ಇಲ್ಲ ಕಣೇ."

ನಿಜ. ತಿನ್ನಬಹುದಾಗಿತ್ತು. ಹಿಂದಿನ ವರ್ಷ ಎರಡೂವರೆ ಗಂಟೆಗೆ ಅದು ಹೀಗೇ ಇತ್ತು. ನೀನು ಅದನ್ನೂ ತಿನ್ನುತ್ತಿದ್ದೆ.

ಹೋದ ತಿಂಗಳು ಚರ್ಚಿನ ಊಟಕ್ಕೆ ಪ್ರತಿ ಪಾತ್ರೆಯ ಮುಂದೆ ಏನೇನು ಹಾಕಿದೆ ಎಂದು ಬರೆದಿಡೋಣ ಎಂದೆ. "ಬೀನ್ಸ್‌ಗೂ ಜಾತಕ ಬರೀಬೇಕೇನೇ ಮಾರ್ಲಿಸ್?" ಎಂದು ಎಲ್ಲರೂ ನಕ್ಕರು. ನನ್ನ ಪಾತ್ರೆಗೆ ಮಾತ್ರ ಬರೆದಿಟ್ಟೆ.

ನಿನ್ನ ಪತ್ರ ಬಂದಾಗಿನಿಂದ ಒಂದೇ ಯೋಚನೆ. ನನ್ನ ಒಳ್ಳೆಯ ಹೆಸರನ್ನು ನೀನು ನಿನ್ನ ಮನೆಯಲ್ಲಿ ಹೊತ್ತು ನಿಂತಿದ್ದೀಯ, ಪ್ರತಿ ಪ್ರಾರ್ಥನೆಯಲ್ಲೂ ತಲೆ ತಗ್ಗಿಸಿ. ನಾನು ಬಾಯಿ ಮುಚ್ಚಿಕೊಂಡದ್ದು ಈಗ ನಿನ್ನ ಬಾಯನ್ನೂ ಮುಚ್ಚಿದೆ. ನೀನು ಹೇಳಬೇಕಾಗಿಲ್ಲ, ನಾನೇ ಹೇಳುತ್ತೇನೆ. ಕೆಳಗಿರುವ ಚೀಟಿ ನಿನ್ನ ತಾಯಿಗೆ. ಓದಿ ಹೇಳುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಓದಿದರೆ ಪೂರ್ತಿ ಓದು. ಅವರು ನನ್ನ ಹೆಸರನ್ನು ಪ್ರಾರ್ಥನೆಯಿಂದ ತೆಗೆದರೆ ತೆಗೆಯಲಿ. ಆ ಹೂರಣಕ್ಕೆ ಬೇರೆ ಹೆಸರಿಡಲಿ. ಅದನ್ನು ನೀರಿನಲ್ಲಿ ಮಾಡಿದವರು ಅವರು, ನಾನಲ್ಲ.

ಮಾರ್ಲಿಸ್

ನವೆಂಬರ್ 28, 1996ರಂದು ನಿಮ್ಮ ಮಗಳಿಗೆ ಬಡಿಸಿದ ಹೂರಣ

ಬ್ರೆಡ್ ಚೂರು, ಹತ್ತು ಬಟ್ಟಲು
ಈರುಳ್ಳಿ, ಎರಡು
ಸೆಲರಿ, ಮೂರು ದಂಟು
ಸೇಜ್ ಸೊಪ್ಪು, ಎರಡು ಚಮಚ
ಎಣ್ಣೆ, ಅರ್ಧ ಬಟ್ಟಲು
ನೀರು, ಸ್ವಲ್ಪ
ಬೆಣ್ಣೆ, ಒಂದು ಚಮಚ
ಟರ್ಕಿಯ ಕತ್ತು, ಗುಂಡಿಗೆ ಬೇಯಿಸಿದ ಸಾರು, ಎರಡು ಸೌಟು

ನಿಮ್ಮ ಮಗಳು ಕೇಳಿದಳು. ನಾನು ಹೇಳಲಿಲ್ಲ.

ಶ್ರೀಮತಿ ಮಾರ್ಲಿಸ್ ಟ್ವೆಟ್